ಕಾಗುಣಿತ ಅಕ್ಷರವಲ್ಲವೇ?

ಪ್ರೋಗ್ರಾಂ ಬರೆಯುವವರ ಪರದೆಯ ಮೇಲೆ ಕೋಡ್ ಬಣ್ಣಬಣ್ಣವಾಗಿ ಕಾಣುತ್ತದಲ್ಲ, ಆ ಬಣ್ಣ ಹಚ್ಚುವುದಕ್ಕೆಂದೇ ಹೈಲೈಟ್.ಜೆಎಸ್, ಪ್ರಿಸಂ, ಪಿಗ್‌ಮೆಂಟ್ಸ್‌ನಂಥ ಲೈಬ್ರರಿಗಳಿವೆ. ಇಂಥವುಗಳ ಹೊಸ ಆವೃತ್ತಿ ಬಂದಾಗ ನಾವು ನೋಡುವುದು ಹೊಸದಾಗಿ ಸೇರಿದ ಪ್ರೋಗ್ರಾಮಿಂಗ್ ಭಾಷೆಗಳನ್ನು, ಹೊಸ ಬಣ್ಣಗಳನ್ನು. ಆದರೆ ಬಣ್ಣ ಹಚ್ಚುವ ಮೊದಲು ಸಾಲನ್ನು ಪದಗಳಾಗಿ ಕತ್ತರಿಸಬೇಕು. ನನ್ನ ತಕರಾರು ಆ ಕತ್ತರಿಯ ಬಗ್ಗೆ.

ಪದವನ್ನು ಗುರುತಿಸಲು ಪ್ರೋಗ್ರಾಮರುಗಳು ಸಾಮಾನ್ಯವಾಗಿ ಬಳಸುವ ಗುರುತು ‘ಬ್ಯಾಕ್‌ಸ್ಲ್ಯಾಶ್ ಡಬ್ಲ್ಯು’. ಜಾವಾಸ್ಕ್ರಿಪ್ಟ್‌ನಲ್ಲಿ ಅದರ ಪಾಲಿಗೆ ಲೋಕದಲ್ಲಿರುವುದು 63 ಅಕ್ಷರ ಮಾತ್ರ: ಇಂಗ್ಲಿಷಿನ ದೊಡ್ಡವು ಸಣ್ಣವು ಸೇರಿ 52, ಅಂಕಿ 10, ಒಂದು ಅಡಿಗೆರೆ. ಪೈಥಾನ್ 3 ಕೊಂಚ ಉದಾರಿ, ಕನ್ನಡವನ್ನೂ ಒಪ್ಪುತ್ತದೆ. ಒಪ್ಪುವ ರೀತಿ ನೋಡಿ: ಅದರ ‘ರಿ’ ಮಾಡ್ಯೂಲಿಗೆ ‘ಕ’ ಅಕ್ಷರ, ಆದರೆ ಕಾಗುಣಿತದ ಚಿಹ್ನೆ, ಸೊನ್ನೆ, ಒತ್ತಕ್ಷರ ಕಟ್ಟುವ ಹಲಂತ ಯಾವುವೂ ಅಕ್ಷರಗಳಲ್ಲ. ಹೀಗಾಗಿ ಕೊಪ್ಪಳ ಮೂರು ತುಂಡಾಗುತ್ತದೆ: ಕ, ಪ, ಪಳ. ಗಂಗಾವತಿ: ಗ, ಗ, ವತ. ಕುಷ್ಟಗಿ: ಕ, ಷ, ಟಗ. ಯಲಬುರ್ಗಾ: ಯಲಬ, ರ, ಗ. ಕವಿರಾಜಮಾರ್ಗ ತಿರುಳ್ಗನ್ನಡದ ನಾಡನ್ನು ಗುರುತಿಸಲು ಹೆಸರಿಸಿದ ನಾಲ್ಕು ಊರುಗಳಲ್ಲಿ ಕೊಪಣವೂ ಒಂದು. ಆ ಊರಿನ ಹೆಸರೇ ಇಲ್ಲಿ ಇಡಿಯಾಗಿ ಉಳಿಯುವುದಿಲ್ಲ.

ಇದು ಯಾರಿಗೂ ಗೊತ್ತಿಲ್ಲದ ದೋಷವಲ್ಲ. 2007ರಲ್ಲೇ ಪೈಥಾನ್‌ನ ದೋಷಪಟ್ಟಿಗೆ ಸೇರಿದೆ. ತಮಾಷೆಯೆಂದರೆ, 2008ರಲ್ಲಿ ಬಂದ ಪೈಥಾನ್ 3 ‘ಬೆಲೆ’ ಎಂಬ ಪದವನ್ನು ಚರಾಕ್ಷರದ ಹೆಸರಾಗಿ ಇಡಿಯಾಗಿ ಒಪ್ಪುತ್ತದೆ. ಭಾಷೆ ಒಪ್ಪಿದ್ದನ್ನು ಅದರದೇ ಕತ್ತರಿ ಹರಿಯುತ್ತದೆ.

‘ಕನ್ನಡದಲ್ಲಿ ಕೋಡ್ ಬರೆಯುವವರಾದರೂ ಯಾರು?’ ಎಂದು ಕೇಳುವವರಿದ್ದಾರೆ. ಪ್ರಶ್ನೆ ಕೋಡಿನದಷ್ಟೇ ಅಲ್ಲ. ವಚನಗಳಲ್ಲಿ ಒಂದು ಪದ ಎಷ್ಟು ಸಲ ಬಂದಿದೆ ಎಂದು ಎಣಿಸಲು ಹೊರಟ ಸಾಹಿತ್ಯದ ವಿದ್ಯಾರ್ಥಿಯ ಕೈಗೂ ಬರುವುದು ಇದೇ ಕತ್ತರಿ. ಅವರಿಗೆ ಸಿಗುವುದು ಯಾವ ಶರಣರೂ ಬರೆಯದ ‘ಪ’ಗಳ, ‘ಗ’ಗಳ ಪಟ್ಟಿ. ಪಟ್ಟಿಯ ಮೇಲೊಂದು ಗ್ರಾಫು, ಗ್ರಾಫಿನ ಮೇಲೊಂದು ಪ್ರಬಂಧ.

ಮದ್ದು ದುಬಾರಿಯಲ್ಲ. ಅಕ್ಷರಗಳ ಜೊತೆಗೆ ಯೂನಿಕೋಡಿನ ‘ಮಾರ್ಕ್’ ವರ್ಗವನ್ನೂ ಪದದ ಭಾಗವೆಂದು ಎಣಿಸಿದರೆ ಸಾಕು. ಜಾವಾಸ್ಕ್ರಿಪ್ಟ್‌ನ 2018ರ ಮಾನಕ ಇದಕ್ಕೆ ದಾರಿ ಕೊಟ್ಟಿದೆ. ಹೈಲೈಟ್.ಜೆಎಸ್‌ನಲ್ಲಿ ಪೈಥಾನ್ ಕೋಡಿಗೆ ಬಣ್ಣ ಹಚ್ಚುವ ಭಾಗ ಹೆಸರುಗಳನ್ನು ಯೂನಿಕೋಡ್ ನಿಯಮದಂತೆಯೇ ಗುರುತಿಸುತ್ತದೆ. ಒಂದು ಕಡೆ ಆಗುವುದು ಉಳಿದ ಕಡೆ ಏಕಾಗಬಾರದು?

ಆಗದಿರುವುದಕ್ಕೆ ಬರೀ ದೂರದ ಪ್ರೋಗ್ರಾಮರುಗಳನ್ನು ಬೈದರೆ ಪ್ರಯೋಜನವಿಲ್ಲ. ಕನ್ನಡ ಗಣಕವೆಂದರೆ ನಮ್ಮ ಸಭೆಗಳಿಗೆ ಇನ್ನೂ ಕೀಲಿಮಣೆ ಮತ್ತು ಫಾಂಟು. ಅಕ್ಷರ ಮೂಡಿದರೆ ಗೆದ್ದೆವೆಂದು ಚಪ್ಪಾಳೆ ತಟ್ಟುತ್ತೇವೆ. ಯಂತ್ರ ಅದನ್ನು ಅಕ್ಷರವೆಂದು ಓದಿತೇ ಎಂದು ಕೇಳುವುದಿಲ್ಲ. ವ್ಯಾಕರಣ ಪಾಠ ಮಾಡುವ ಕನ್ನಡ ವಿಭಾಗಗಳೇ ಕೇಳಬೇಕಾದ ಪ್ರಶ್ನೆಯಿದು, ಏಕೆಂದರೆ ಇದು ಮೊದಲಿಗೆ ವ್ಯಾಕರಣದ ತಪ್ಪು.

ಈ ಲೈಬ್ರರಿಗಳೆಲ್ಲ ಮುಕ್ತ ತಂತ್ರಾಂಶಗಳು. ಯಾರು ಬೇಕಾದರೂ ಪರೀಕ್ಷೆಯ ಕಡತ ಕಳಿಸಬಹುದು. ನಮ್ಮ ಜಿಲ್ಲೆಯ ಈ ನಾಲ್ಕು ಹೆಸರುಗಳನ್ನೇ ಕಳಿಸಿ. ನಾಲ್ಕು ಹಾಕಿದರೆ ನಾಲ್ಕೇ ಹೊರಬರಬೇಕು. ಹನ್ನೆರಡು ಬಂದರೆ, ಬಣ್ಣ ಎಷ್ಟೇ ಚೆಂದವಿರಲಿ, ಆ ಆವೃತ್ತಿಗೆ ಕನ್ನಡ ಬರುವುದಿಲ್ಲ.