ಕೊರಿಯಾದ ನಾಟಕಗಳು: ಅಭಿಮಾನ ಮತ್ತು ಅಭಿಪ್ರಾಯ

ವಾರ್ಷಿಕ ಸಂಚಿಕೆಗೆ ಲೇಖನ ಬರೆಯಬೇಕಾದಾಗ ಕುಮಾರವ್ಯಾಸನ ಕರ್ಣನನ್ನೋ ವಚನಕಾರರ ಸಮಾಜದೃಷ್ಟಿಯನ್ನೋ ಆರಿಸಿಕೊಳ್ಳುವುದು ಮರ್ಯಾದಸ್ಥರ ಪದ್ಧತಿ. ನಾನು ಆರಿಸಿಕೊಂಡಿರುವುದು ಕೊರಿಯಾ ದೇಶದ ದೂರದರ್ಶನ ನಾಟಕಗಳನ್ನು. ಇದನ್ನು ಕಂಡು ಗುರುಗಳು ಹುಬ್ಬೇರಿಸಬಹುದು. ಸಹಪಾಠಿಗಳು ಮುಸಿಮುಸಿ ನಗಬಹುದು. ಆದರೆ ಹಾಜರಿಯ ಭಯವಿಲ್ಲದೆ, ಯಾರ ಒತ್ತಾಯವೂ ಇಲ್ಲದೆ, ಅತ್ಯಂತ ಶ್ರದ್ಧೆಯಿಂದ ನಮ್ಮ ಕಾಲೇಜಿನಲ್ಲಿ ನಡೆಯುವ ಸಾಹಿತ್ಯಚರ್ಚೆ ಯಾವುದೆಂದು ಯಾರಾದರೂ ಪ್ರಾಮಾಣಿಕವಾಗಿ ವಿಚಾರಿಸಿದರೆ ಉತ್ತರ ಇದೇ ಆದೀತು. ಬಸ್ಸಿಗೆ ಕಾಯುವಾಗ, ಮಧ್ಯಾಹ್ನದ ಬುತ್ತಿ ಬಿಚ್ಚುವಾಗ, ಹಾಸ್ಟೆಲಿನಲ್ಲಿ ಬಟ್ಟೆ ಒಣಹಾಕುವಾಗ “ಅದನ್ನು ನೋಡಿದೆಯೇನೆ?” “ಇದನ್ನು ನೋಡಲೇಬೇಕು ಕಣೆ!” ಎಂಬ ಮಾತು ಕಿವಿಗೆ ಬೀಳುತ್ತಲೇ ಇರುತ್ತದೆ. ಹುಡುಗರೂ ನೋಡುತ್ತಾರೆ, ಒಪ್ಪಿಕೊಳ್ಳುವುದಿಲ್ಲ, ಅಷ್ಟೆ. ಹೀಗೆ ಒಬ್ಬರಿಗೊಬ್ಬರು ಅಭಿಪ್ರಾಯ ಹೇಳಿಕೊಳ್ಳುವ, ಶಿಫಾರಸು ಮಾಡುವ ಈ ವ್ಯವಹಾರದ ವಿಷಯವಾಗಿ ನನಗೆ ತೋಚಿದ ನಾಲ್ಕು ಮಾತುಗಳನ್ನು ವಾಚಕರ ಮುಂದಿಡುತ್ತೇನೆ.

ಈ ವಿಷಯದಲ್ಲಿ ನಮ್ಮಲ್ಲಿ ಎರಡು ಪಕ್ಷಗಳಿವೆ. ಹಿರಿಯರ ಪಕ್ಷ “ಇದೆಲ್ಲ ಕಾಲಹರಣ, ಪರದೇಶದ ವ್ಯಾಮೋಹ” ಎನ್ನುತ್ತದೆ. ಕಿರಿಯರ ಪಕ್ಷ “ಆಹಾ, ಅದ್ಭುತ” ಎನ್ನುತ್ತದೆ. ಎರಡು ಪಕ್ಷಗಳೂ ಒಂದು ವಿಷಯದಲ್ಲಿ ಸಮಾನವಾಗಿವೆ: ಎರಡೂ ಕಾರಣ ಕೊಡುವುದಿಲ್ಲ. ನೋಡದೆ ತೆಗಳುವುದು ಎಷ್ಟು ಸುಲಭವೋ ನೋಡಿದ್ದನ್ನೆಲ್ಲ ಹೊಗಳುವುದೂ ಅಷ್ಟೇ ಸುಲಭ. ಕಾರಣಸಹಿತವಾದ ಅಭಿಪ್ರಾಯಕ್ಕೆ ವಿಮರ್ಶೆಯೆಂದು ಹೆಸರು. ಅದನ್ನು ಕಲಿಸುವುದಕ್ಕಾಗಿಯೇ ಕಲಾ ಕಾಲೇಜುಗಳಿವೆಯೆಂದು ನಾನು ತಿಳಿದಿದ್ದೇನೆ.

ಮೊದಲು ಹಿರಿಯರ ಆಕ್ಷೇಪಣೆಯನ್ನು ನೋಡೋಣ. ಕೊರಿಯಾದ ನಾಟಕಗಳು ನಿನ್ನೆ ಮೊನ್ನೆ ಮೊಬೈಲಿನೊಡನೆ ಹುಟ್ಟಿದ ಚಪಲವಲ್ಲ. ೧೯೯೭ರಲ್ಲಿ ಚೀನಾದ ಸರ್ಕಾರಿ ದೂರದರ್ಶನದಲ್ಲಿ ಕೊರಿಯಾದ ಒಂದು ಕೌಟುಂಬಿಕ ಧಾರಾವಾಹಿ ಅಪಾರ ಜನಪ್ರಿಯತೆ ಗಳಿಸಿತು. ಈ ಪ್ರವಾಹಕ್ಕೆ ‘ಹಲ್ಯು’, ಅಂದರೆ ಕೊರಿಯಾದ ಅಲೆ, ಎಂಬ ಹೆಸರು ಬಂದದ್ದೂ ಆ ಕಾಲದ ಸುಮಾರಿಗೆ, ಚೀನೀ ಪತ್ರಿಕೆಗಳಿಂದ. ೨೦೦೨ರಲ್ಲಿ ತಯಾರಾದ ‘ವಿಂಟರ್ ಸೊನಾಟಾ’ ಮರುವರ್ಷ ಜಪಾನಿಗೆ ಹೋಯಿತು. ಅದನ್ನು ಮೆಚ್ಚಿದವರಲ್ಲಿ ಹೆಚ್ಚಿನವರು ಹದಿಹರೆಯದವರಲ್ಲ, ಮಧ್ಯವಯಸ್ಸಿನ ಗೃಹಿಣಿಯರು. ೨೦೦೪ರಲ್ಲಿ ಅದರ ನಾಯಕ ನಟ ಬೇ ಯೋಂಗ್ ಜೂನ್ ಜಪಾನಿಗೆ ಬಂದಾಗ ಸಾವಿರಾರು ಹೆಂಗಸರು ವಿಮಾನ ನಿಲ್ದಾಣದಲ್ಲಿ ನೆರೆದಿದ್ದರು. ಒಂದು ಕಾಲಕ್ಕೆ ಜಪಾನಿನ ಆಳ್ವಿಕೆಯಲ್ಲಿ ೩೫ ವರ್ಷ ನರಳಿದ ದೇಶದ ನಟನೊಬ್ಬನಿಗೆ ಆ ಜಪಾನಿನ ತಾಯಂದಿರು ಗೌರವದ ‘ಸಾಮಾ’ ಶಬ್ದವನ್ನು ಸೇರಿಸಿ ಕರೆದರು. ರಾಯಭಾರಿಗಳು ಮಾಡಲಾರದ ಕೆಲಸವನ್ನು ಒಂದು ಕಥೆ ಮಾಡಿತೆಂದರೆ ಅತಿಶಯೋಕ್ತಿಯಲ್ಲ.

ನಮ್ಮ ದೇಶಕ್ಕೂ ಇದು ಹೊಸತಲ್ಲ. ಮಣಿಪುರದಲ್ಲಿ ೨೦೦೦ದಲ್ಲಿ ಉಗ್ರಗಾಮಿ ಸಂಘಟನೆಯೊಂದು ಹಿಂದಿ ಚಿತ್ರಗಳನ್ನು ನಿಷೇಧಿಸಿದಾಗ, ಬರಿದಾದ ಆ ಜಾಗವನ್ನು ಕೊರಿಯಾದ ಚಿತ್ರಗಳೂ ಧಾರಾವಾಹಿಗಳೂ ತುಂಬಿದವು. ಅರಮನೆಯ ಅಡುಗೆಮನೆಯಿಂದ ಮೇಲೇರಿ ರಾಜವೈದ್ಯೆಯಾದ ಹೆಣ್ಣುಮಗಳ ಕಥೆಯಾದ ‘ದೇ ಜಂಗ್ ಗುಮ್’ ನಮ್ಮ ದೂರದರ್ಶನದಲ್ಲಿಯೇ ಹಿಂದಿ ಮಾತಿನೊಡನೆ ಪ್ರಸಾರವಾಗಿತ್ತು. ಆದ್ದರಿಂದ ನಮ್ಮ ಹಿರಿಯರಲ್ಲಿಯೂ ಕೆಲವರು ಗೊತ್ತಿಲ್ಲದೆಯೇ ನಮ್ಮ ಪಕ್ಷದವರಾಗಿರುವ ಸಂಭವವುಂಟು!

ಇನ್ನು ಪ್ರೇಕ್ಷಕರ ಅಭಿಪ್ರಾಯಕ್ಕೆ ಬೆಲೆಯೆಷ್ಟು ಎಂಬ ಪ್ರಶ್ನೆ. ನಮ್ಮ ಮಾತು ಗಾಳಿಗೆ ಹೋಗುತ್ತದೆಂದು ನಾವು ಭಾವಿಸುತ್ತೇವೆ. ಕೊರಿಯಾದಲ್ಲಿ ಹಾಗಲ್ಲ. ಅಲ್ಲಿ ಬಹುಕಾಲ ವಾರಕ್ಕೆ ಎರಡು ಕಂತಿನಂತೆ ಪ್ರಸಾರ ನಡೆಯುತ್ತಿರುವಾಗಲೇ ಮುಂದಿನ ಕಂತುಗಳ ಚಿತ್ರೀಕರಣವೂ ನಡೆಯುತ್ತಿತ್ತು. ಚಿತ್ರೀಕರಣದ ದಿನ ಬೆಳಗ್ಗೆ ಒಂದೊಂದೇ ಹಾಳೆಯಾಗಿ ಬರುವ ಸಂಭಾಷಣೆಗೆ ಅವರಲ್ಲಿ ಒಂದು ಹೆಸರೇ ಇದೆ, ‘ಚೂರುಪ್ರತಿ’ ಎನ್ನಬಹುದು. ಹೀಗಾಗಿ ನೋಡುವವರ ಮೆಚ್ಚುಗೆ, ಮುನಿಸು ಎರಡೂ ಬರೆಯುವವರ ಮೇಜಿನವರೆಗೆ ತಲಪುತ್ತಿದ್ದವು. ೨೦೧೬ರ ‘ಡಿಸೆಂಡೆಂಟ್ಸ್ ಆಫ್ ದಿ ಸನ್’ ಪೂರ್ತಿ ತಯಾರಾದ ಮೇಲೆಯೇ ಪ್ರಸಾರಗೊಂಡು ಗೆದ್ದ ಬಳಿಕ ಈ ಪದ್ಧತಿ ಕಡಮೆಯಾಗುತ್ತ ಬಂದಿತು. ಪ್ರೇಕ್ಷಕರ ಬಲ ಮಾತ್ರ ಕುಂದಲಿಲ್ಲ. ೨೦೨೧ರ ಮಾರ್ಚಿಯಲ್ಲಿ ‘ಜೋಸನ್ ಎಕ್ಸಾರ್ಸಿಸ್ಟ್’ ಎಂಬ ಐತಿಹಾಸಿಕ ನಾಟಕ ಎರಡೇ ಕಂತಿಗೆ ನಿಂತುಹೋಯಿತು. ಜೋಸನ್ ರಾಜರ ಕಾಲದ ಕಥೆಯಲ್ಲಿ ಚೀನೀ ತಿಂಡಿತಿನಿಸು, ಚೀನೀ ಸಾಮಾನು ತೋರಿಸಿದರೆಂದು ಜನ ಸಿಟ್ಟಾದರು, ಜಾಹೀರಾತುದಾರರು ಹಿಂದೆ ಸರಿದರು, ನಾಟಕ ರದ್ದಾಯಿತು.

ಇದನ್ನು ಪ್ರೇಕ್ಷಕರ ವಿಜಯವೆಂದು ಕುಣಿಯುವ ಮಿತ್ರರಿದ್ದಾರೆ. ನನಗೆ ಅಷ್ಟು ಸಂತೋಷವಿಲ್ಲ. ತಪ್ಪನ್ನು ತಪ್ಪೆನ್ನುವ ಹಕ್ಕು ನೋಡುವವನಿಗೆ ಇರಲೇಬೇಕು; ಆದರೆ ಎರಡು ಕಂತು ನೋಡಿ ಹದಿನಾಲ್ಕು ಕಂತಿನ ಬಾಯಿ ಮುಚ್ಚಿಸುವುದು ವಿಮರ್ಶೆಯಲ್ಲ. ಇದಕ್ಕೆ ನನ್ನ ಬಳಿ ಒಳ್ಳೆಯ ಸಾಕ್ಷಿಯೊಂದಿದೆ. ೨೦೧೮ರಲ್ಲಿ ‘ಮೈ ಮಿಸ್ಟರ್’ ಆರಂಭವಾದಾಗ ಅಲ್ಲಿ ದೊಡ್ಡ ಆಕ್ಷೇಪಣೆಯೆದ್ದಿತು. ನಲವತ್ತು ದಾಟಿದ, ಮದುವೆಯಾದ ಇಂಜಿನಿಯರು ಒಬ್ಬ. ಅದೇ ಕಚೇರಿಯಲ್ಲಿ ಹಂಗಾಮಿ ಕೆಲಸಕ್ಕಿರುವ ೨೧ ವರ್ಷದ ಹುಡುಗಿ ಒಬ್ಬಳು. ಸಾಲದ ಹೊರೆ, ಮಾತು ಬಾರದ ಕಿವಿ ಕೇಳದ ಅಜ್ಜಿ, ಕಚೇರಿಯಲ್ಲಿ ಉಳಿದ ಕಾಫಿಪುಡಿಯ ಪೊಟ್ಟಣಗಳನ್ನು ಕದ್ದೊಯ್ದು ಕುಡಿಯುವ ಬಡತನ. ಇದು ಅಸಹ್ಯವಾದ ಪ್ರೇಮಕಥೆಯಾಗುವುದೆಂದು ಮೊದಲ ವಾರವೇ ತೀರ್ಪು ಕೊಟ್ಟವರು ಹಲವರು. ಹದಿನಾರು ಕಂತು ಮುಗಿಯುವ ಹೊತ್ತಿಗೆ ಅದು ಪ್ರೇಮಕಥೆಯೇ ಅಲ್ಲವೆಂದು ಗೊತ್ತಾಯಿತು. ದುಡಿದು ಬಳಲಿದ ಇಬ್ಬರು ಮನುಷ್ಯರು ಒಬ್ಬರನ್ನೊಬ್ಬರು ಮನುಷ್ಯರೆಂದು ಕಂಡದ್ದೇ ಅದರ ಕಥೆ. ಮೊದಲ ವಾರದಲ್ಲಿಯೇ ಅದರ ಬಾಯಿ ಮುಚ್ಚಿಸಿದ್ದರೆ?

ಈಗ ನಮ್ಮ ಪಕ್ಷದವರ ಕಡೆಗೆ ತಿರುಗುತ್ತೇನೆ. ನಮ್ಮಲ್ಲಿ ಅತಿ ಹೆಚ್ಚು ಶಿಫಾರಸು ಪಡೆಯುವ ನಾಟಕಗಳಲ್ಲಿ ಒಂದು ‘ರಿಪ್ಲೈ ೧೯೮೮’. ಅದನ್ನು ಹೇಳುವ ರೀತಿ ಮಾತ್ರ ನನಗೆ ಹಿಡಿಸುವುದಿಲ್ಲ. “ನಾಯಕಿ ಕೊನೆಗೆ ಯಾರನ್ನು ಮದುವೆಯಾಗುತ್ತಾಳೆ ಅಂತ ಪಂಥ ಕಟ್ಟು” ಎಂದು ಆರಂಭಿಸುತ್ತಾರೆ. ೨೦೧೫ರ ಕೊನೆಯಲ್ಲಿ ಅದು ಪ್ರಸಾರವಾಗುತ್ತಿದ್ದಾಗ ಕೊರಿಯಾದಲ್ಲಿಯೂ ಇದೇ ಗದ್ದಲ. ಒಂದು ಪಂಗಡ ಜಂಗ್ ಹ್ವಾನನ ಕಡೆ, ಇನ್ನೊಂದು ಪಂಗಡ ಟೇಕನ ಕಡೆ. ತಮ್ಮ ತಮ್ಮ ಪಕ್ಷಕ್ಕೆ ಹ್ರಸ್ವನಾಮಗಳನ್ನೂ ಕಟ್ಟಿಕೊಂಡಿದ್ದರು. ಗಂಡ ಯಾರೆಂದು ಇಲ್ಲಿ ಬರೆದು ನೋಡದವರ ಶಾಪಕ್ಕೆ ಗುರಿಯಾಗಲಾರೆ. ಆದರೆ ಆ ನಾಟಕದ ಜೀವ ಗಂಡನಲ್ಲಿಲ್ಲ, ಗಲ್ಲಿಯಲ್ಲಿದೆ. ಸೋಲ್ ನಗರದ ಒಂದು ಗಲ್ಲಿ, ಐದು ಮನೆಗಳು. ಅನ್ಯರ ಸಾಲಕ್ಕೆ ಜಾಮೀನು ನಿಂತು ಸಂಬಳವೆಲ್ಲ ಅದಕ್ಕೇ ಸುರಿಯುತ್ತ, ಸ್ನೇಹಿತನ ಮನೆಯ ಕೆಳಗಿನ ಅರ್ಧ ನೆಲಮಾಳಿಗೆಯಲ್ಲಿ ಸಂಸಾರ ಹೂಡಿರುವ ಬ್ಯಾಂಕು ನೌಕರ. ಸಂಜೆ ಒಬ್ಬ ತಾಯಿ ಪಕ್ಕದ ಮನೆಗೆ ಒಂದು ಬಟ್ಟಲು ಪಲ್ಯ ಕಳಿಸುತ್ತಾಳೆ. ಬಟ್ಟಲು ಬರಿದಾಗಿ ಹಿಂತಿರುಗುವಂತಿಲ್ಲ. ಮಕ್ಕಳು ಈ ಮನೆಯಿಂದ ಆ ಮನೆಗೆ ತಟ್ಟೆ ಹೊತ್ತು ಓಡಾಡಿ ಸುಸ್ತಾಗುತ್ತಾರೆ. ವಠಾರದಲ್ಲಿ ಬೆಳೆದವರಿಗೆ ಇದನ್ನು ವಿವರಿಸಬೇಕೆ? ಮನೆಯ ಎರಡನೆಯ ಮಗಳಾದ ನಾಯಕಿಗೆ ಅಕ್ಕನ ಹುಟ್ಟುಹಬ್ಬದ ಕೇಕಿನಲ್ಲಿಯೇ ತನ್ನ ಹುಟ್ಟುಹಬ್ಬ. ಒಂದು ದಿನ ಅವಳ ದುಃಖದ ಕಟ್ಟೆ ಒಡೆಯುತ್ತದೆ. ತಂದೆ ಬೇರೆ ಕೇಕು ತಂದು, ಎರಡನೆಯ ಮಗಳಿಗೆ ತಂದೆಯಾಗುವುದು ತನಗೂ ಹೊಸದೆಂದು ಅವಳ ಕ್ಷಮೆ ಕೇಳುತ್ತಾನೆ. ಮಗಳ ಮುಂದೆ ತಲೆ ತಗ್ಗಿಸುವ ತಂದೆಯನ್ನು ನಮ್ಮ ಎಷ್ಟು ನಾಟಕಗಳು ತೋರಿಸಿವೆ? ಇದನ್ನು ಬಿಟ್ಟು ಪಂಥ ಕಟ್ಟುವವರು ಹೋಳಿಗೆಯ ಹೂರಣ ಬಿಟ್ಟು ಬಾಳೆಯೆಲೆಯನ್ನು ಹೊಗಳಿದಂತೆ.

ಎರಡನೆಯ ಮಾತು ಸ್ವಲ್ಪ ಕಠಿಣ. ೨೦೦೯ರ ‘ಬಾಯ್ಸ್ ಓವರ್ ಫ್ಲವರ್ಸ್’ ನಾಟಕವನ್ನು ಹೊಸದಾಗಿ ಬರುವವರಿಗೆಲ್ಲ ಮೊದಲ ಪಾಠವೆಂಬಂತೆ ಶಿಫಾರಸು ಮಾಡುವವರಿದ್ದಾರೆ. ಬಟ್ಟೆ ಒಗೆಯುವ ಅಂಗಡಿಯವನ ಮಗಳು ಶ್ರೀಮಂತರ ಶಾಲೆಗೆ ಸೇರುತ್ತಾಳೆ. ಕೋಟ್ಯಧೀಶನ ಮಗ ಶಾಲೆಯನ್ನೆಲ್ಲ ಅವಳ ಮೇಲೆ ಛೂಬಿಟ್ಟು ಹಿಂಸಿಸುತ್ತಾನೆ. ಆಮೇಲೆ ಅದೇ ಪ್ರೇಮವಾಗುತ್ತದೆ. ಆ ಕಾಲದ ಅನೇಕ ನಾಟಕಗಳಲ್ಲಿ ನಾಯಕ ನಾಯಕಿಯ ಮಣಿಕಟ್ಟು ಹಿಡಿದು ದರದರ ಎಳೆದೊಯ್ಯುವುದು ಪ್ರೇಮದ ಗುರುತು. ತೆರೆಯ ಮೇಲೆ ಅವನ ಮುಖ ಚೆಲುವಾಗಿದೆ, ಹಿನ್ನೆಲೆಯಲ್ಲಿ ಇಂಪಾದ ಸಂಗೀತವಿದೆ. ನಮ್ಮ ಊರಿನ ಬಸ್ ನಿಲ್ದಾಣದಲ್ಲಿ ಅದನ್ನೇ ಒಬ್ಬ ಮಾಡಿದರೆ ಸಂಗೀತವಿರುವುದಿಲ್ಲ. ನಾವು ಹುಡುಗಿಯರೂ ಹುಡುಗರೂ ಕೂಡಿ ಓದುವ ಕಾಲೇಜಿನಲ್ಲಿ ಇಂಥದನ್ನು “ಎಷ್ಟು ಚೆನ್ನಾಗಿ ಪ್ರೀತಿಸುತ್ತಾನೆ!” ಎಂದು ಹೊಗಳುವ ಮೊದಲು ಒಂದು ಕ್ಷಣ ಯೋಚಿಸಬೇಕು. ನೋಡಬೇಡಿರೆಂದು ನಾನು ಹೇಳುತ್ತಿಲ್ಲ. ತಂಗಿಯೊಬ್ಬಳಿಗೆ ಶಿಫಾರಸು ಮಾಡುವಾಗ ಈ ಮಾತನ್ನೂ ಸೇರಿಸಿ ಹೇಳುವ ಹೊಣೆ ನಮ್ಮದು ಎನ್ನುತ್ತೇನೆ.

ಮೂರನೆಯದು ಭಾಷೆಯ ವಿಷಯ. ಈ ನಾಟಕಗಳನ್ನು ನಾವು ಇಂಗ್ಲಿಷ್ ಅಡಿಬರಹದ ಮೂಲಕ ನೋಡುತ್ತೇವೆ. ಅಭಿಪ್ರಾಯವನ್ನೂ ಅರೆಬರೆ ಇಂಗ್ಲಿಷಿನಲ್ಲಿಯೇ ಹೇಳುತ್ತೇವೆ. ಇದರಲ್ಲಿ ನಷ್ಟ ನಮ್ಮದೇ. ಕೊರಿಯಾದವರು ತಂದೆಯನ್ನು ‘ಅಪ್ಪಾ’ ಎನ್ನುತ್ತಾರೆ, ತಾಯಿಯನ್ನು ‘ಒಮ್ಮಾ’ ಎನ್ನುತ್ತಾರೆ. ಕ್ರಿಯಾಪದ ನಮ್ಮಂತೆಯೇ ವಾಕ್ಯದ ಕೊನೆಗೆ ಬರುತ್ತದೆ. ಇದನ್ನು ಕಂಡು ಹಲ್ಬರ್ಟ್ ಎಂಬ ಅಮೆರಿಕದ ಪಾದ್ರಿ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಕೊರಿಯಾ ಭಾಷೆಗೂ ದ್ರಾವಿಡ ಭಾಷೆಗಳಿಗೂ ನಂಟು ಕಲ್ಪಿಸಿ ಪುಸ್ತಕವನ್ನೇ ಬರೆದ. ಭಾಷಾಶಾಸ್ತ್ರಜ್ಞರು ಅದನ್ನು ಒಪ್ಪಿಲ್ಲ. ನಾವೂ ನೆಂಟಸ್ತಿಕೆ ಸಾರಬೇಕಾಗಿಲ್ಲ. ಆದರೆ ಹಿರಿಯರಿಗೆ ಬೇರೆ ಕ್ರಿಯಾರೂಪ, ಕಿರಿಯರಿಗೆ ಬೇರೆ ಕ್ರಿಯಾರೂಪ, ಹೆಸರು ಹಿಡಿಯದೆ ಸಂಬಂಧ ಹಿಡಿದು ಕರೆಯುವುದು – ಇವೆಲ್ಲ ಇಂಗ್ಲಿಷಿನಲ್ಲಿ ಸೋರಿಹೋಗುತ್ತವೆ. ‘ಮೈ ಮಿಸ್ಟರ್’ ಎಂಬ ಹೆಸರನ್ನೇ ನೋಡಿ. ಮೂಲದ ‘ಅಜೊಸ್ಸಿ’ ಎಂದರೆ ಬಳಗವಲ್ಲದ ಹಿರಿಯ ಗಂಡಸನ್ನು ಕರೆಯುವ ಶಬ್ದ. ನಮ್ಮ ಹಳ್ಳಿಗಳ ‘ಮಾಮ’, ‘ಯಜಮಾನ್ರೇ’ ಅದಕ್ಕೆ ಇಂಗ್ಲಿಷಿಗಿಂತ ಹತ್ತಿರ. ಇಬ್ಬರು ಯಾವಾಗ ಬಹುವಚನ ಬಿಟ್ಟು ಏಕವಚನಕ್ಕೆ ಇಳಿದರು ಎಂಬುದರಲ್ಲಿಯೇ ಎಷ್ಟೋ ಕಥೆ ನಡೆದುಹೋಗಿರುತ್ತದೆ. ೨೦೨೧ರಲ್ಲಿ ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟು ‘ಒಪ್ಪಾ’ ಮೊದಲಾದ ೨೦ಕ್ಕೂ ಹೆಚ್ಚು ಕೊರಿಯಾ ಶಬ್ದಗಳನ್ನು ಸೇರಿಸಿಕೊಂಡಿತು. ಇಂಗ್ಲಿಷಿನವರೇ ಸಾಲ ತರಬೇಕಾಯಿತು. ಕನ್ನಡದಲ್ಲಿ ಹೇಳಬಹುದಾದುದನ್ನು ನಾವೇಕೆ ಆ ಸಾಲದ ಅಂಗಡಿಯಿಂದ ಕೊಳ್ಳಬೇಕು?

ಹಾಗಾದರೆ ಶಿಫಾರಸು ಹೇಗಿರಬೇಕು? ಮೊದಲನೆಯದಾಗಿ, ನೋಡುವವರ ಕಾಲಕ್ಕೆ ಮರ್ಯಾದೆ ಇರಬೇಕು. ೧೬ ಕಂತೆಂದರೆ ೧೬ ಗಂಟೆಗೆ ಮೇಲಾಯಿತು. ‘ರಿಪ್ಲೈ ೧೯೮೮’ ಸುಮಾರು ೩೦ ಗಂಟೆ. ಪರೀಕ್ಷೆಗೆ ವಾರವಿರುವಾಗ ಇದನ್ನು ಕೈಗೆ ಕೊಡುವವನು ಸ್ನೇಹಿತನಲ್ಲ. ಎರಡನೆಯದಾಗಿ, ಯಾರಿಗೆಂದು ಹೇಳಬೇಕು. “ಎಲ್ಲರೂ ನೋಡಬೇಕು” ಎನ್ನುವುದು ಶಿಫಾರಸಲ್ಲ, ಡಂಗುರ. ಮೂರನೆಯದಾಗಿ, ಎಲ್ಲಿ ಬೇಸರವಾದೀತೆಂಬುದನ್ನು ಮುಚ್ಚಿಡಬಾರದು. ನಾಲ್ಕನೆಯದಾಗಿ, ಕೊನೆಯನ್ನು ಮಾತ್ರ ಮುಚ್ಚಿಡಬೇಕು.

ಈ ನಿಯಮಗಳಿಗೆ ಒಳಪಟ್ಟು ನನ್ನ ಪಟ್ಟಿಯನ್ನೂ ಕೊಡುತ್ತೇನೆ. ದೊಡ್ಡ ಸಂಸಾರದಲ್ಲಿ ಎರಡನೆಯವರಾಗಿ ಹುಟ್ಟಿದವರಿಗೆ ‘ರಿಪ್ಲೈ ೧೯೮೮’. ಮೊದಲ ಎರಡು ಕಂತುಗಳಲ್ಲಿ ಹೆಸರುಗಳ ಗೊಂದಲವನ್ನು ತಾಳಿಕೊಳ್ಳಬೇಕು. ಓದು ಮುಗಿಸಿ ಕೆಲಸಕ್ಕೆ ಅಲೆಯಲಿರುವ ಅಂತಿಮ ವರ್ಷದವರಿಗೆ ೨೦೧೪ರ ‘ಮಿಸೇಂಗ್’. ಪ್ರೇಮಪ್ರಸಂಗ ಬಯಸುವವರು ಆ ಕಡೆ ಹೋಗುವುದು ಬೇಡ. ೨೦೨೧ರ ‘ಸ್ಕ್ವಿಡ್ ಗೇಮ್’ ನೋಡುವವರು ರಕ್ತವನ್ನಷ್ಟೇ ನೋಡದಿರಲಿ. ಸಂಬಳ ಸಿಗದೆ ವಂಚಿತನಾದ ಅಲಿ ಎಂಬ ವಲಸೆ ಕೂಲಿಗಾರನನ್ನೂ ನೋಡಲಿ. ಅವನು ಪಾಕಿಸ್ತಾನದವನು, ಆ ಪಾತ್ರ ವಹಿಸಿದ ಅನುಪಮ್ ತ್ರಿಪಾಠಿ ನಮ್ಮ ದೆಹಲಿಯವರು. ಇನ್ನು ಕನ್ನಡ ವಿಭಾಗದ ಗುರುಗಳು ದಯವಿಟ್ಟು ಒಂದನ್ನಾದರೂ ನೋಡುವುದಾದರೆ, ಅದು ೨೦೧೧ರ ‘ಟ್ರೀ ವಿತ್ ಡೀಪ್ ರೂಟ್ಸ್’ ಆಗಿರಲಿ. ಹದಿನೈದನೆಯ ಶತಮಾನದಲ್ಲಿ ಸೇಜೋಂಗ್ ದೊರೆ ಸಾಮಾನ್ಯ ಜನರಿಗಾಗಿ ಹೊಸ ಲಿಪಿ ರಚಿಸಿ ೧೪೪೬ರಲ್ಲಿ ಸಾರಿದ್ದು ಇತಿಹಾಸ. ಅಕ್ಷರ ಎಲ್ಲರಿಗೂ ಸಿಕ್ಕರೆ ತಮ್ಮ ಅಧಿಕಾರ ಏನಾದೀತೆಂದು ಪಂಡಿತರು ಅದನ್ನು ಎದುರಿಸುವುದು ನಾಟಕ. ಮನೆಯಲ್ಲಿ ಮೊದಲ ಬಾರಿಗೆ ಕಾಲೇಜು ಮೆಟ್ಟಿಲು ಹತ್ತಿದವರು ತುಂಬಿರುವ ಈ ಸರ್ಕಾರಿ ಕಾಲೇಜಿನಲ್ಲಿ ಆ ಕಥೆಯನ್ನು ದೂರದೇಶದ ಕಥೆಯೆಂದು ಯಾರು ತಳ್ಳಿಹಾಕಬಲ್ಲರು?

ಕೊನೆಗೊಂದು ಸೂಚನೆ. ನಮ್ಮ ಕನ್ನಡ ಸಂಘದ ಭಿತ್ತಿಪತ್ರಿಕೆಯಲ್ಲಿ ತಿಂಗಳಿಗೊಂದು ಹಾಳೆಯನ್ನು ಇಂಥ ಅಭಿಪ್ರಾಯಗಳಿಗೆ ಬಿಟ್ಟುಕೊಡಬೇಕೆಂದು ಕೇಳಿಕೊಳ್ಳುತ್ತೇನೆ. ಬರಹ ಕನ್ನಡದಲ್ಲಿರಲಿ, ಕೆಳಗೆ ಹೆಸರಿರಲಿ, ಹೊಗಳಿಕೆಗೂ ತೆಗಳಿಕೆಗೂ ಕಾರಣವಿರಲಿ. ಮನೆಯಲ್ಲಿ ಅಮ್ಮಂದಿರು ನಿತ್ಯ ನೋಡುವ ನಮ್ಮ ಧಾರಾವಾಹಿಗಳಿಗೂ ಅದೇ ಹಾಳೆಯಲ್ಲಿ ಜಾಗವಿರಲಿ. ಅವುಗಳ ವಿಷಯದಲ್ಲಿ ನಮಗೆ ಹೇಳಬೇಕಾದುದು ಇನ್ನೂ ಹೆಚ್ಚಿದೆ. ನನ್ನ ಪಟ್ಟಿಯನ್ನು ಒಪ್ಪದವರು ಮೊದಲ ಹಾಳೆಯಲ್ಲಿಯೇ ಅದನ್ನು ಖಂಡಿಸಿ ಬರೆಯಲಿ. ಓದಲು ನಾನು ಸಿದ್ಧ.