ಕಾರಿನ ಹಿಂದಿನ ಮನೆ

ಬೇಸಗೆಯ ರಜೆ ಮೊದಲಾಯಿತೆಂದರೆ, ಹಾಸಿಗೆ, ಒಲೆ, ನೀರಿನ ತೊಟ್ಟಿಗಳೆಲ್ಲವೂ ಅಡಕವಾಗಿರುವ ಬಿಳಿಯ ಕ್ಯಾರವಾನೊಂದನ್ನು ಬೆನ್ನಿಗೆ ಕಟ್ಟಿಕೊಂಡ ದೊಡ್ಡ ಕಾರುಗಳು ಕಾರ್ನ್‌ವಾಲಿನ ಕಡಲತೀರದ ಕಡೆಗೋ ವೇಲ್ಸಿನ ಬೆಟ್ಟಗಳ ಕಡೆಗೋ ಸಾಗುವುದು ಇಂಗ್ಲೆಂಡಿನ ಹೆದ್ದಾರಿಗಳಲ್ಲಿ ನಿತ್ಯದ ನೋಟ. ಗಾರ್ಡನ್ ಸ್ಟೇಬಲ್ಸ್ ಎಂಬ ವೈದ್ಯರು 1885ರಲ್ಲಿ ವಿಹಾರಕ್ಕೆಂದೇ ಕಟ್ಟಿಸಿಕೊಂಡ ‘ವಾಂಡರರ್’ ಎಂಬ ಗಾಲಿಮನೆಯನ್ನು ಎಳೆದದ್ದು ಕುದುರೆಗಳು; ಆ ಕುದುರೆಗಳ ಸ್ಥಾನಕ್ಕೆ ಕಾರು ಬಂದ ಮೇಲೆ, ಹೊಸದಾಗಿ ಈ ವಿಹಾರಕ್ಕೆ ಹೊರಡುವ ಪ್ರತಿಯೊಂದು ಸಂಸಾರವೂ ಕೇಳುವ ಪ್ರಶ್ನೆ, ಯಾವ ಕಾರು ನಡುದಾರಿಯಲ್ಲಿ ಕೈಕೊಡುವುದಿಲ್ಲ ಎಂಬುದು. ಈ ಪ್ರಶ್ನೆ ಅಪೂರ್ಣವಾದುದೆಂದು ನನ್ನ ದೃಢವಾದ ಅಭಿಪ್ರಾಯ. ವಿಶ್ವಾಸಾರ್ಹತೆಯೆಂಬುದು ಇಲ್ಲಿ ಕಾರೊಂದರ ಗುಣವಲ್ಲ, ಕೂಡಿಸಿ ಕಟ್ಟಿದ ಜೋಡಿಯ ಗುಣ. ಆ ಜೋಡಿಯಲ್ಲಿ ಒಂದನ್ನು ಇಂಗ್ಲೆಂಡಿನ ಕಾನೂನು ಪರೀಕ್ಷಿಸುವುದೇ ಇಲ್ಲ.

ಐವರು ಜನರನ್ನೂ ಅವರ ಪೆಟ್ಟಿಗೆಗಳನ್ನೂ ಹೊರುವುದಕ್ಕೆಂದು ನಿರ್ಮಿತವಾದ ವಾಹನಕ್ಕೆ ಸಾವಿರದ ನಾನೂರು ಕಿಲೋಗ್ರಾಂ ಭಾರವನ್ನು ತಗುಲಿಸಿದಾಗ, ಏರಿನಲ್ಲಿ ನಿಂತು ಮತ್ತೆ ಹೊರಡುವ ಪ್ರತಿಯೊಂದು ಸಲವೂ ಕ್ಲಚ್ಚು ಸವೆಯುತ್ತದೆ. ಆಟೋಮ್ಯಾಟಿಕ್ ಗೇರ್‌ಬಾಕ್ಸಿನ ತೈಲ ಕಾದು ಕಾದು ಅಕಾಲದಲ್ಲಿ ಸತ್ತ್ವಹೀನವಾಗುತ್ತದೆ. ತಯಾರಕರು ಮುದ್ರಿಸುವ ಗರಿಷ್ಠ ಎಳೆತದ ತೂಕವಾದರೋ ಸಾಮಾನ್ಯವಾಗಿ ಶೇಕಡಾ 12ರ ಏರಿನಲ್ಲಿ ಗಾಡಿ ನಿಂತಲ್ಲಿಂದ ಹೊರಡಬಲ್ಲುದೆ ಎಂಬ ಪರೀಕ್ಷೆಯನ್ನು ಅವಲಂಬಿಸಿದ್ದು. ಹತ್ತು ವರ್ಷಗಳ ರಜಾಪ್ರಯಾಣಕ್ಕೆ ಅದು ಅಭಯವಚನವಲ್ಲ. ನಾಲ್ಕಕ್ಕೊಂದರಂತೆ ಏರುವ ಯಾರ್ಕ್‌ಶೈರಿನ ಸಟ್ಟನ್ ಬ್ಯಾಂಕ್ ರಸ್ತೆಯಲ್ಲಿ ಕ್ಯಾರವಾನುಗಳನ್ನೇ ನಿಷೇಧಿಸಿರುವುದು ವಿವೇಕದ ಕಾರ್ಯ. ಕ್ಯಾರವಾನಿನ ತುಂಬಿದ ತೂಕ ಕಾರಿನ ತೂಕದ ಶೇಕಡಾ 85ನ್ನು ಮೀರದಿರಲಿ, ಎಂದರೆ 1,700 ಕಿಲೋಗ್ರಾಮಿನ ಕಾರಿಗೆ 1,445ಕ್ಕೆ ನಿಲ್ಲಲಿ, ಎಂದು ಅನುಭವಿಗಳು ಹೊಸಬರಿಗೆ ಹೇಳುವ ಮಾತು ಕಾನೂನಲ್ಲದಿದ್ದರೂ ಕಾನೂನಿನಷ್ಟೇ ಗೌರವಕ್ಕೆ ಅರ್ಹವಾದುದು.

ತೂಕವೆಷ್ಟೆಂಬುದಕ್ಕಿಂತಲೂ ಆ ತೂಕ ಎಲ್ಲಿದೆಯೆಂಬುದು ಹೆಚ್ಚಿನ ವಿಚಾರ. ಭಾರವಾದ ಸಾಮಾನುಗಳನ್ನು ಅಚ್ಚಿನ ಮೇಲೆ ಇರಿಸಿ, ಕೊಂಡಿಯ ಮೇಲೆ ಒಟ್ಟು ತೂಕದ ಶೇಕಡಾ 5ರಿಂದ 7ರಷ್ಟು ಒತ್ತುವಂತೆ ನೋಡಿಕೊಳ್ಳಬೇಕು. ಹಿಂಬದಿಯಲ್ಲಿ ಹೊರೆ ತುಂಬಿ ಕೊಂಡಿ ಹಗುರವಾಯಿತೋ, ಪಕ್ಕದಲ್ಲಿ ಲಾರಿಯೊಂದು ಹಾದುಹೋದ ಗಾಳಿಗೇ ಕ್ಯಾರವಾನು ಹಾವಿನಂತೆ ಹೊರಳಾಡತೊಡಗಿ, ಆ ಹೊರಳಾಟ ಬೆಳೆದು ಕಾರನ್ನೇ ಮಗುಚಿಹಾಕಬಹುದು. ಆಗ ಕಾರಿನ ಮೂತಿಯ ಮೇಲೆ ಯಾವ ಕಂಪನಿಯ ಲಾಂಛನವಿದ್ದರೇನು?

ಇಷ್ಟಾಗಿಯೂ ಕಾನೂನಿನ ಸ್ಥಿತಿಯನ್ನು ನೋಡಿ. ಮೂರು ವರ್ಷ ತುಂಬಿದ ಕಾರು ಇಂಗ್ಲೆಂಡಿನಲ್ಲಿ ವರ್ಷಕ್ಕೊಮ್ಮೆ ತಪಾಸಣೆಗೆ ಒಳಪಡತಕ್ಕುದು; ಎಳೆಯುವ ಕೊಂಡಿಯಿದ್ದರೆ ಅದನ್ನೂ ಅಲ್ಲಿ ನೋಡುತ್ತಾರೆ. ಆ ಕೊಂಡಿಗೆ ತಗುಲುವ ಕ್ಯಾರವಾನಿಗೆ ಮಾತ್ರ ಅಂತಹ ಯಾವ ತಪಾಸಣೆಯೂ ಇಲ್ಲ. ವರ್ಷದ ಬಹುಭಾಗ ಮಳೆಬಿಸಿಲಿನಲ್ಲಿ ಅಲುಗದೆ ನಿಲ್ಲುವ ಗಾಡಿಯದು. ಅದರ ಟೈರಿನ ಹೊರಮೈ ಸವೆಯದೆ ಹೊಸದರಂತೆ ತೋರುತ್ತಿದ್ದರೂ ರಬ್ಬರು ಒಳಗೊಳಗೇ ಗಡಸಾಗಿ ಬಿರುಕುಬಿಟ್ಟಿರುತ್ತದೆ, ಬ್ರೇಕಿನ ಸರಳುಗಳು ತುಕ್ಕು ಹಿಡಿದಿರುತ್ತವೆ. ಜರ್ಮನಿಯಲ್ಲಿ ಎರಡು ವರ್ಷಕ್ಕೊಮ್ಮೆ ಕ್ಯಾರವಾನಿನ ತಪಾಸಣೆ ಕಡ್ಡಾಯ. ಗಂಟೆಗೆ 100 ಕಿಲೋಮೀಟರ್ ವೇಗದಲ್ಲಿ ಎಳೆಯಬೇಕಾದರೆ ಅದರ ಟೈರುಗಳಿಗೆ ಆರು ವರ್ಷ ತುಂಬಿರಕೂಡದೆಂದೂ ಅಲ್ಲಿ ನಿಯಮವುಂಟು. ಬ್ರಿಟನ್ನಿನಲ್ಲಾದರೋ 1997ರಿಂದೀಚೆಗೆ ಚಾಲನಾಪರೀಕ್ಷೆ ಮುಗಿಸಿದವರು ಭಾರಿ ಗಾಡಿಯನ್ನೆಳೆಯಲು ಕೊಡಬೇಕಾಗಿದ್ದ ಪ್ರತ್ಯೇಕ ಪರೀಕ್ಷೆಯನ್ನು 2021ರ ಡಿಸೆಂಬರಿನಲ್ಲಿ ಕೈಬಿಟ್ಟರು. ಚಾಲಕನ ಪರೀಕ್ಷೆಯನ್ನು ಬಿಟ್ಟ ಸರ್ಕಾರ ವಾಹನದ ಪರೀಕ್ಷೆಯನ್ನಾದರೂ ಆಗಲೇ ವಿಧಿಸಬೇಕಾಗಿತ್ತು.

ಜರ್ಮನಿಯ ಪದ್ಧತಿಯನ್ನೇ ಅಂಗೀಕರಿಸಲಿ ಎಂಬುದು ನನ್ನ ಒತ್ತಾಯ. ಜೊತೆಗೆ ಕಾರಿನ ತಯಾರಕರು, ಗಾಡಿಯೆಳೆಯುವವರು ಗೇರ್‌ಬಾಕ್ಸಿನ ತೈಲವನ್ನು ಎಷ್ಟು ಮೈಲಿಗೊಮ್ಮೆ ಬದಲಿಸಬೇಕೆಂಬುದನ್ನು ಪ್ರತ್ಯೇಕವಾಗಿ ಮುದ್ರಿಸಿ ಕೊಡಲಿ. ಸಂಸಾರಸ್ಥರಿಗೆ ಮತ್ತೊಂದು ಖರ್ಚಾಯಿತೆಂಬ ಆಕ್ಷೇಪ ಬರುವುದು ಸಹಜ; ಆದರೆ ಹೆದ್ದಾರಿಯಲ್ಲಿ ಟೈರು ಸಿಡಿದರೆ ತೆರಬೇಕಾದ ಬೆಲೆ ಗಾಡಿಯ ಒಡೆಯನೊಬ್ಬನದೇ ಅಲ್ಲ, ಹಿಂದೆ ಬರುತ್ತಿರುವವನದೂ ಹೌದು. ಮಾಲೀಕರು ಸ್ವಇಚ್ಛೆಯಿಂದ ತಪಾಸಣೆ ಮಾಡಿಸಿಕೊಳ್ಳಬಹುದಾದ ಪರಿಣತ ಕಾರ್ಯಾಗಾರಗಳು ಈಗಲೂ ಇವೆಯಲ್ಲ ಎಂದರೆ, ಇರುವುದು ನಿಜ. ಅಲ್ಲಿಗೆ ಹೋಗುವವರು ಮೊದಲಿನಿಂದಲೂ ಜಾಗರೂಕರಾದವರೇ.