ಅಡಿಕೆ, ಮೆಣಸು ಮತ್ತು ಪೋರ್ಚುಗೀಸ್ ಭಾಷೆ



ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಸದ್ಯದಲ್ಲೇ ಪತಿಯೊಡನೆ ಲಿಸ್ಬನ್ ನಗರಕ್ಕೆ ಹೊರಡುವವಳಿದ್ದಾಳೆ. ಅದಕ್ಕಾಗಿ ಪೋರ್ಚುಗೀಸ್ ಭಾಷೆಯನ್ನು ಕಲಿಯತೊಡಗಿದ್ದಾಳೆ. "ಸರ್, ದಿನಕ್ಕೆ ಇಪ್ಪತ್ತು ಶಬ್ದ ಬಾಯಿಪಾಠ ಮಾಡುತ್ತೇನೆ. ವಾರ ಕಳೆಯುವಾಗ ಐದು ಕೂಡ ನೆನಪಿನಲ್ಲಿ ಉಳಿದಿರುವುದಿಲ್ಲ. ಏನು ಮಾಡಲಿ?" ಎಂದು ದೂರವಾಣಿಯಲ್ಲಿ ಕೇಳಿದಳು. ಈ ವಿಷಯ ಮನೆಯಲ್ಲಿ ಮಾತಿಗೆ ಬಂದಾಗ ನಮ್ಮ ಭಾವನವರು ಬೇರೊಂದು ಪ್ರಶ್ನೆಯನ್ನೆತ್ತಿದರು: "ಗೋವೆಯಲ್ಲಿ ಅಷ್ಟೊಂದು ಅನ್ಯಾಯ ನಡೆಸಿದವರ ಭಾಷೆಯನ್ನು ನಮ್ಮ ಮಕ್ಕಳು ಕಲಿಯಬೇಕೇ?"

ಈ ಎರಡು ಪ್ರಶ್ನೆಗಳೂ ಒಂದೇ ಉತ್ತರವನ್ನು ಬೇಡುತ್ತವೆ ಎಂದು ನನಗನ್ನಿಸುತ್ತದೆ. ಯಾವುದೇ ಭಾಷೆಯನ್ನು ಅದನ್ನಾಡಿದ ಜನರ ಚರಿತ್ರೆ ಮತ್ತು ಬದುಕಿನ ಮೂಲಕ ಕಲಿಯಬೇಕು. ಪೋರ್ಚುಗೀಸ್ ಭಾಷೆಯ ಮಟ್ಟಿಗಂತೂ ಆ ಚರಿತ್ರೆಯಲ್ಲಿ ನಮ್ಮ ನಾಡಿನ ಚರಿತ್ರೆಯೂ ಹೆಣೆದುಕೊಂಡಿದೆ. ನಾನು ಆ ಭಾಷೆಯ ಪಂಡಿತನಲ್ಲ. ಆದರೆ ಬಹುಕಾಲ ಸಮಾಜ ವಿಜ್ಞಾನವನ್ನು ಬೋಧಿಸಿದವನಾಗಿ ಈ ವಿಚಾರದಲ್ಲಿ ನನ್ನದೊಂದು ಅಭಿಪ್ರಾಯವಿದೆ. ಅದನ್ನು ನಿಮ್ಮ ಮುಂದಿಡುತ್ತೇನೆ.

ಮೊದಲು ಮನೆಯಿಂದಲೇ ಆರಂಭಿಸೋಣ. ನಾವು ಬರೆಯಲು ಕುಳಿತುಕೊಳ್ಳುವ ಮೇಜು ಪೋರ್ಚುಗೀಸರ 'ಮೇಜ'. ಬಟ್ಟೆಯಿಡುವ ಅಲಮಾರು ಅವರ 'ಅರ್ಮಾರಿಯು'. ಕಟ್ಟಡದ ಮೇಸ್ತ್ರಿ ಅವರ 'ಮೆಸ್ತ್ರೆ'. ಆ ಶಬ್ದಕ್ಕೆ ಗುರು ಎಂಬ ಅರ್ಥವೂ ಇದೆ. ಪಾದ್ರಿ, ಇಗರ್ಜಿ, ಪೀಪಾಯಿ, ಬಟಾಟೆ, ಅನಾನಸು, ಉತ್ತರ ಕರ್ನಾಟಕದವರು ಸಂಬಳಕ್ಕೆ ಹೇಳುವ ಪಗಾರ, ಹರಾಜಿಗೆ ಹೇಳುವ ಲಿಲಾವು, ಇವೆಲ್ಲ ಅಲ್ಲಿಂದಲೇ ಬಂದವು. ಚಾವಿ ಎಂಬ ಶಬ್ದದ ವಿಷಯವಂತೂ ಸ್ವಾರಸ್ಯಕರ. ಇಂದು ಲಿಸ್ಬನ್ನಿನವರು ಅದನ್ನು 'ಶಾವೆ' ಎಂಬಂತೆ ಉಚ್ಚರಿಸುತ್ತಾರೆ. 16ನೆಯ ಶತಮಾನದಲ್ಲಿ ಅವರ ನಾಲಗೆಯ ಮೇಲೂ ಅದು ಚಕಾರವೇ ಆಗಿತ್ತು. ಅವರು ಬಿಟ್ಟುಕೊಟ್ಟ ಹಳೆಯ ಉಚ್ಚಾರವನ್ನು ನಾವು ನಮ್ಮ ಬೀಗದ ಜೊತೆಗೆ ಜೋಪಾನವಾಗಿ ಉಳಿಸಿಕೊಂಡಿದ್ದೇವೆ!

ಇನ್ನು ತೋಟಕ್ಕೆ ಇಳಿಯೋಣ. ಇಲ್ಲಿ ಶಬ್ದಗಳು ಎರಡೂ ದಿಕ್ಕಿಗೆ ಸಂಚರಿಸಿವೆ. ನಮ್ಮ ಅಡಿಕೆಯ ಸೋದರ ಶಬ್ದವಾದ ಮಲಯಾಳದ 'ಅಡಕ್ಕ' ಪೋರ್ಚುಗೀಸರ ಬಾಯಿಯಲ್ಲಿ 'ಅರೆಕ'ವಾಯಿತು. ಅಲ್ಲಿಂದ ಇಂಗ್ಲಿಷಿಗೆ ಹೋಗಿ, ಇಂದು ನಮ್ಮ ಅಡಿಕೆ ಮಾರುವ ಸಹಕಾರಿ ಸಂಸ್ಥೆಯ ಇಂಗ್ಲಿಷ್ ಹೆಸರಿನಲ್ಲಿಯೇ ಬಂದು ಕುಳಿತಿದೆ. ಹಲಸಿಗೆ ಮಲಯಾಳದವರು ಹೇಳುವ 'ಚಕ್ಕ' ಅವರಲ್ಲಿ 'ಜಾಕ'ವಾಗಿ, ಇಂಗ್ಲಿಷಿನಲ್ಲಿ ಜ್ಯಾಕ್ ಫ್ರೂಟ್ ಆಯಿತು. ಅತ್ತ ಬ್ರೆಜಿಲಿನ ಮೂಲನಿವಾಸಿಗಳ ಗೇರುಮರ ಪೋರ್ಚುಗೀಸರ ಹಡಗನ್ನೇರಿ ನಮ್ಮ ಕರಾವಳಿಗೆ ಬಂದಿತು. ಅನಾನಸೂ ಪಪ್ಪಾಯಿಯೂ ಅಮೆರಿಕಾ ಖಂಡದಿಂದಲೇ ಬಂದವು. ಹಳೆಯ ಮೈಸೂರಿನವರು ಪಪ್ಪಾಯಿಗೆ 'ಪರಂಗಿ ಹಣ್ಣು' ಎಂದು ಹೇಳುವುದು ಅದು ಪರದೇಶಿಯರ ಹಣ್ಣು ಎಂಬುದನ್ನು ಮರೆಯದಿರುವುದರಿಂದ.

ಎಲ್ಲಕ್ಕಿಂತ ಹೆಚ್ಚಿನದು ಮೆಣಸಿನ ಕಥೆ. ಪೋರ್ಚುಗೀಸರು ಆಫ್ರಿಕಾ ಖಂಡವನ್ನು ಸುತ್ತು ಹಾಕಿ ಬಂದದ್ದೇ ನಮ್ಮ ಘಟ್ಟದ ಬಳ್ಳಿಯ ಮೆಣಸಿಗಾಗಿ. ಅವರು ಬರುವಾಗ ಅಮೆರಿಕಾ ಮೂಲದ ಇನ್ನೊಂದು ಖಾರದ ಕಾಯಿಯನ್ನು ತಂದರು. ಆ ಹೊಸ ಕಾಯಿ ಹಳೆಯದರ ಹೆಸರನ್ನೇ ತಾನು ಇಟ್ಟುಕೊಂಡಿತು! ಆದ್ದರಿಂದ ನಮ್ಮ ಮನೆಗಳಲ್ಲಿ ಬಳ್ಳಿಯ ಮೆಣಸಿಗೆ 'ಒಳ್ಳೆಮೆಣಸು' ಎಂಬ ವಿಶೇಷಣ ಬೇಕಾಯಿತು. ತುಳುವಿನಲ್ಲಿ ಅದು 'ಎಡ್ಡೆಮುಂಚಿ', ಮಲಯಾಳದಲ್ಲಿ 'ನಲ್ಲ ಮುಳಕ್'. ಮೂರು ಭಾಷೆಗಳೂ ಹಳೆಯದನ್ನೇ 'ಒಳ್ಳೆಯದು' ಎಂದು ಕರೆದಿವೆ. ಯಾವ ಇತಿಹಾಸ ಪುಸ್ತಕವೂ ನಾಲ್ಕು ಶತಮಾನಗಳ ವ್ಯಾಪಾರವನ್ನು ಇಷ್ಟು ಚಿಕ್ಕದಾಗಿ ಹೇಳಲಾರದು. ಇಷ್ಟನ್ನು ತಿಳಿದು ಪೋರ್ಚುಗೀಸ್ ಕಲಿಯಲು ಕುಳಿತವಳಿಗೆ ಕೆಲವು ಡಜನ್ ಶಬ್ದಗಳು ಬಾಯಿಪಾಠವಿಲ್ಲದೆಯೇ ನೆನಪಿನಲ್ಲಿರುತ್ತವೆ.

ಶಬ್ದದಾಚೆಗೂ ಹೀಗೆಯೇ. ಪೋರ್ಚುಗೀಸಿನಲ್ಲಿ ಸೋಮವಾರದಿಂದ ಶುಕ್ರವಾರದವರೆಗಿನ ದಿನಗಳಿಗೆ ಗ್ರಹಗಳ ಹೆಸರಿಲ್ಲ. ಸೋಮವಾರವೆಂದರೆ 'ಸೆಗುಂದ ಫೇರ', ಅಂದರೆ ಎರಡನೆಯ ಫೇರ. ಹೀಗೆಯೇ ಶುಕ್ರವಾರದ ಆರನೆಯ ಫೇರದವರೆಗೆ ಎಣಿಕೆ ಸಾಗುತ್ತದೆ. 6ನೆಯ ಶತಮಾನದಲ್ಲಿ ಬ್ರಾಗ ಎಂಬ ಊರಿನ ಬಿಷಪ್ ಮಾರ್ಟಿನ್ ಎಂಬವರು ಕ್ರೈಸ್ತರು ಹಳೆಯ ರೋಮನ್ ದೇವತೆಗಳ ಹೆಸರಿನಿಂದ ದಿನಗಳನ್ನು ಕರೆಯಬಾರದೆಂದು ಆಕ್ಷೇಪಿಸಿದರು. ನೆರೆಯ ಸ್ಪೇನಿನವರು, ಫ್ರಾನ್ಸಿನವರು ಗ್ರಹಗಳನ್ನು ಬಿಡಲಿಲ್ಲ. ಪೋರ್ಚುಗಲ್ಲಿನಲ್ಲಿ ಎಣಿಕೆ ನೆಲೆಗೊಂಡಿತು. 'ಫೇರ' ಎಂಬ ಶಬ್ದಕ್ಕೆ ಇಂದು ಸಂತೆ ಎಂಬ ಅರ್ಥವೂ ಇದೆ. ಕೃತಜ್ಞತೆ ಹೇಳುವಾಗ ಗಂಡಸು 'ಒಬ್ರಿಗಾದು' ಎಂದೂ ಹೆಂಗಸು 'ಒಬ್ರಿಗಾದ' ಎಂದೂ ಹೇಳಬೇಕು. ಏಕೆಂದರೆ ಅದರ ಮೂಲಾರ್ಥ 'ನಾನು ನಿಮಗೆ ಕಟ್ಟುಬಿದ್ದಿದ್ದೇನೆ' ಎಂದು. ಆದ್ದರಿಂದ ಶಬ್ದವು ಹೇಳುವವರ ಲಿಂಗವನ್ನು ಅನುಸರಿಸುತ್ತದೆ. ಋಣವೆಂಬ ಭಾವನೆಯನ್ನು ಬಲ್ಲ ಕನ್ನಡಿಗನಿಗೆ ಇದನ್ನು ವಿವರಿಸುವ ಅಗತ್ಯವೇ ಇಲ್ಲ. 'ದೇವರಿಚ್ಛೆಯಿದ್ದರೆ' ಎಂಬರ್ಥದ 'ಒಶಲಾ' ಎಂಬ ಶಬ್ದ ಅರಬ್ಬಿಯಿಂದ ಬಂದದ್ದು. ಮುಸ್ಲಿಮರು ಆ ನಾಡಿನಲ್ಲಿ ಐನೂರು ವರ್ಷಗಳಿಗೂ ಹೆಚ್ಚು ಕಾಲ ಆಳಿದ್ದರೆಂಬ ಸಂಗತಿ ಆ ಒಂದು ಶಬ್ದದಲ್ಲಿ ಉಳಿದಿದೆ. ಕಾರಣ ತಿಳಿದ ವ್ಯಾಕರಣ ಮರೆತುಹೋಗುವುದಿಲ್ಲವೆಂಬುದು ನನ್ನ ದೃಢವಾದ ನಂಬಿಕೆ.

ನಮ್ಮ ಸಂಪಾಜೆಯ ತರಗತಿಗಳನ್ನು ನೆನಪಿಸಿಕೊಳ್ಳಿ. ಒಂದೇ ಬೆಂಚಿನಲ್ಲಿ ಅರೆಭಾಷೆ, ತುಳು, ಮಲಯಾಳ, ಕೊಂಕಣಿ, ಬ್ಯಾರಿ ಮಾತಾಡುವ ಮಕ್ಕಳು ಕುಳಿತಿರುತ್ತಿದ್ದರು. ಅವರಲ್ಲಿ ಯಾರೂ ಇನ್ನೊಬ್ಬರ ಭಾಷೆಯನ್ನು ಪುಸ್ತಕದಿಂದ ಕಲಿತವರಲ್ಲ. ಭೂತಕೋಲಕ್ಕೆ ಹೋದವನಿಗೆ ತುಳು ಬಂತು. ಗೆಳೆಯನ ಮನೆಯಲ್ಲಿ ಹಬ್ಬದೂಟ ಉಂಡವನಿಗೆ ಅರೆಭಾಷೆ ಬಂತು. ಅದೇ ಮಕ್ಕಳು ಅಂಕಗಳಿಗಾಗಿ ಓದಿದ ಭಾಷೆಯಲ್ಲಿ ಪರೀಕ್ಷೆ ಮುಗಿದ ಮೇಲೆ ನಾಲ್ಕು ವಾಕ್ಯ ಮಾತಾಡಲು ತಡವರಿಸುತ್ತಿದ್ದರು. ಭಾಷಾಬೋಧನೆಯ ಬಗ್ಗೆ ಬಿ.ಎಡ್. ತರಗತಿಯಲ್ಲಿ ನಾನು ಕಲಿತದ್ದಕ್ಕಿಂತ ಹೆಚ್ಚನ್ನು ಆ ಬೆಂಚು ನನಗೆ ಕಲಿಸಿದೆ.

ಚರಿತ್ರೆಯ ಅರಿವಿಲ್ಲದ ಭಾಷಾಜ್ಞಾನ ದಾರಿ ತಪ್ಪಿಸುವುದೂ ಉಂಟು. 1579ರಲ್ಲಿ ಗೋವೆಗೆ ಬಂದ ಇಂಗ್ಲಿಷ್ ಪಾದ್ರಿ ಥಾಮಸ್ ಸ್ಟೀಫನ್ಸ್ ಬರೆದ ವ್ಯಾಕರಣವೊಂದು ಅವರ ಮರಣಾನಂತರ 1640ರಲ್ಲಿ ರಾಚೋಲಿನಲ್ಲಿ ಅಚ್ಚಾಯಿತು. ಭಾರತೀಯ ಭಾಷೆಗಳ ಮುದ್ರಿತ ವ್ಯಾಕರಣಗಳಲ್ಲಿ ಅತ್ಯಂತ ಹಳೆಯವುಗಳ ಸಾಲಿಗೆ ಸೇರಿದ ಆ ಗ್ರಂಥದ ಹೆಸರಿನಲ್ಲಿ 'ಕನಾರಿಂ' ಭಾಷೆ ಎಂದಿದೆ. ನಿಘಂಟನ್ನಷ್ಟೇ ನಂಬಿದವನು ಅದನ್ನು ಕನ್ನಡ ವ್ಯಾಕರಣವೆಂದು ಹೆಮ್ಮೆಪಟ್ಟುಕೊಂಡಾನು. ವಾಸ್ತವವಾಗಿ ಅದು ಕೊಂಕಣಿಯ ವ್ಯಾಕರಣ. ಪೋರ್ಚುಗೀಸರು ಗೋವೆಯ ಜನರನ್ನು ಕನಾರಿಂ ಎಂದು ಕರೆಯುತ್ತಿದ್ದರು ಎಂಬ ಸಂಗತಿ ತಿಳಿದವನಿಗೆ ಮಾತ್ರ ಇದು ಗೊತ್ತಾಗುತ್ತದೆ.

ಇದಕ್ಕೆ ವಿರುದ್ಧವಾಗಿ, ನಮ್ಮ ಚರಿತ್ರೆಯ ಬಹುಭಾಗ ಆ ಭಾಷೆಯಲ್ಲಿಯೇ ಇದೆ. ಕೃಷ್ಣದೇವರಾಯನು ಬೆಳಗಿನ ಜಾವ ಎದ್ದು ಎಳ್ಳೆಣ್ಣೆ ಕುಡಿದು ಸಾಮು ಮಾಡುತ್ತಿದ್ದ ವಿವರವನ್ನು ತರಗತಿಯಲ್ಲಿ ನೀವೆಲ್ಲ ಬಾಯಿಬಿಟ್ಟು ಕೇಳಿದವರೇ. ಅದನ್ನು ಬರೆದಿಟ್ಟವನು ದೊಮಿಂಗೊ ಪಾಯಸ್ ಎಂಬ ಪೋರ್ಚುಗೀಸ. ಮಹಾನವಮಿಯ ವೈಭವವನ್ನು ಕಣ್ಣಾರೆ ಕಂಡು ವರ್ಣಿಸಿದವನೂ ಆತನೇ. ಅವನ ನಂತರ ಬಂದ ಕುದುರೆ ವ್ಯಾಪಾರಿ ಫೆರ್ನಾವೊ ನೂನಿಜ್ ವಿಜಯನಗರದ ಅರಸರ ವೃತ್ತಾಂತವನ್ನು ಬರೆದ. ಈ ಎರಡು ಬರಹಗಳ ಹಸ್ತಪ್ರತಿ ಪ್ಯಾರಿಸ್ಸಿನ ಗ್ರಂಥಾಲಯದಲ್ಲಿತ್ತು. ದವೀದ್ ಲೋಪೆಸ್ ಅದನ್ನು 1897ರಲ್ಲಿ ಲಿಸ್ಬನ್ನಿನಲ್ಲಿ ಪ್ರಕಟಿಸಿದರು. 1900ರಲ್ಲಿ ರಾಬರ್ಟ್ ಸೀವೆಲ್ ಅದರ ಇಂಗ್ಲಿಷ್ ಅನುವಾದವನ್ನು ತಮ್ಮ ಪ್ರಸಿದ್ಧ ಗ್ರಂಥದಲ್ಲಿ ಕೊಟ್ಟರು. ಅಂದಿನಿಂದ ನಾವು ನಮ್ಮದೇ ರಾಜಧಾನಿಯನ್ನು ಬಹುಮಟ್ಟಿಗೆ ಸೀವೆಲ್ ಅವರ ಇಂಗ್ಲಿಷಿನ ಕಿಟಕಿಯಿಂದಲೇ ನೋಡುತ್ತಿದ್ದೇವೆ.

ಆ ಬರಹಗಳಲ್ಲಿ ವಿಜಯನಗರ 'ಬಿಸ್ನಗ' ಆಗಿದೆ, ಭಟ್ಕಳ 'ಬಟೆಕಲ' ಆಗಿದೆ; ಹೊನ್ನಾವರವನ್ನು ಪೋರ್ಚುಗೀಸರು 'ಓನೋರ್' ಎಂದು ಬರೆದರು. ಇಂತಹ ನೂರಾರು ಹೆಸರುಗಳನ್ನು ಗುರುತಿಸಲು ಕನ್ನಡದ ಕಿವಿ ಬೇಕು; ಓದಲು ಪೋರ್ಚುಗೀಸ್ ಬೇಕು. ಎರಡೂ ಉಳ್ಳವರು ವಿರಳ. ಉಳ್ಳಾಲದ ಅಬ್ಬಕ್ಕನ ಹೋರಾಟ, 1568ರಲ್ಲಿ ಮಂಗಳೂರಿನಲ್ಲಿ ಎದ್ದ ಪೋರ್ಚುಗೀಸ್ ಕೋಟೆ, ಗೇರುಸೊಪ್ಪೆಯ ಮೆಣಸಿನ ವ್ಯಾಪಾರ, ಬಸ್ರೂರಿನ ಅಕ್ಕಿ, ಕೆಳದಿ ಅರಸರ ಒಪ್ಪಂದಗಳು, ಇವುಗಳ ಕುರಿತ ಪತ್ರಗಳು ಪಣಜಿಯ ಮತ್ತು ಲಿಸ್ಬನ್ನಿನ ದಾಖಲೆ ಭಂಡಾರಗಳಲ್ಲಿವೆ. ಪ್ರೊ. ಬಿ. ಎಸ್. ಶಾಸ್ತ್ರಿಯವರಂಥವರು ಪೋರ್ಚುಗೀಸ್ ದಾಖಲೆಗಳನ್ನು ಓದಿ ಗೋವೆ ಮತ್ತು ಕೆನರಾ ಕರಾವಳಿಯ ಸಂಬಂಧಗಳ ಬಗ್ಗೆ ಗ್ರಂಥ ಬರೆದರು. ಅಂಥವರ ಸಂಖ್ಯೆ ಹೆಚ್ಚಬೇಡವೇ? ಅಬ್ಬಕ್ಕನ ಹೆಸರಿನಲ್ಲಿ ಉತ್ಸವ ಮಾಡುವ ನಾವು ಅವಳ ಶತ್ರುಗಳು ಅವಳ ಬಗ್ಗೆ ಬರೆದದ್ದನ್ನು ಮೂಲದಲ್ಲಿ ಓದಬಲ್ಲ ಹತ್ತು ಮಂದಿ ತರುಣರನ್ನಾದರೂ ತಯಾರು ಮಾಡಬೇಕು.

ಇನ್ನು ಭಾವನವರ ಪ್ರಶ್ನೆ. ಅವರ ನೋವು ನ್ಯಾಯವಾದುದು. 1560ರಲ್ಲಿ ಗೋವೆಯಲ್ಲಿ ಆರಂಭವಾದ ಧರ್ಮ ವಿಚಾರಣಾ ನ್ಯಾಯಾಲಯ ಅಂತಿಮವಾಗಿ ರದ್ದಾದದ್ದು 1812ರಲ್ಲಿ. 1684ರಲ್ಲಿ ವೈಸರಾಯ್ ಒಂದು ಆಜ್ಞೆ ಹೊರಡಿಸಿ, ಮೂರು ವರ್ಷಗಳೊಳಗೆ ಜನರು ಕೊಂಕಣಿಯನ್ನು ಬಿಟ್ಟು ಪೋರ್ಚುಗೀಸನ್ನೇ ಆಡಬೇಕೆಂದು ವಿಧಿಸಿದ. ಊರು ಬಿಟ್ಟು ಕರಾವಳಿಗೆ ಬಂದವರ ವಂಶಜರು, ಹಿಂದೂಗಳೂ ಕ್ರೈಸ್ತರೂ, ಇಂದು ನಮ್ಮ ನೆರೆಹೊರೆಯವರು. ಆ ಆಜ್ಞೆ ಸೋತಿತು, ಕೊಂಕಣಿ ಉಳಿಯಿತು, 1992ರಲ್ಲಿ ಸಂವಿಧಾನದ ಎಂಟನೆಯ ಪರಿಚ್ಛೇದವನ್ನು ಸೇರಿತು. ಪೋರ್ಚುಗೀಸ್ ಕಲಿಯುವವರು ಇದನ್ನು ತಿಳಿದೇ ಕಲಿಯಬೇಕೆಂಬುದು ನನ್ನ ಆಗ್ರಹ. ಸಿಹಿಯನ್ನು ಮಾತ್ರ ಆಯ್ದು ಕೊಡುವ ಪಾಠಪುಸ್ತಕ ಅಪೂರ್ಣ.

ಆದರೆ ಒಂದು ಭಾಷೆಯನ್ನು ಅದನ್ನಾಡಿದ ಆಳರಸರಿಗೆ ಮಾತ್ರ ಬಿಟ್ಟುಕೊಡುವುದು ಸರಿಯಲ್ಲ. ಪೋರ್ಚುಗಲ್ಲಿನ ಜನಸಂಖ್ಯೆ ಸುಮಾರು ಒಂದು ಕೋಟಿ. ಬ್ರೆಜಿಲಿನದು ಇಪ್ಪತ್ತು ಕೋಟಿಗೂ ಮಿಗಿಲು. ಅಂಗೋಲ, ಮೊಜಾಂಬಿಕ್ ದೇಶಗಳು ಪೋರ್ಚುಗಲ್ಲಿನ ವಿರುದ್ಧ ಹೋರಾಡಿ 1975ರಲ್ಲಿ ಸ್ವತಂತ್ರವಾದವು. ಆದರೂ ತಮ್ಮೊಳಗಿನ ಹಲವು ಭಾಷೆಗಳ ಜನರನ್ನು ಬೆಸೆಯಲು ಅದೇ ಭಾಷೆಯನ್ನು ಉಳಿಸಿಕೊಂಡವು. ಸ್ವತಃ ಪೋರ್ಚುಗಲ್ಲಿನ ಜನರೂ ದೀರ್ಘಕಾಲ ಸರ್ವಾಧಿಕಾರದ ಕೆಳಗಿದ್ದು, 1974ರ ಏಪ್ರಿಲ್ 25ರಂದು ಅದನ್ನು ಕಿತ್ತೊಗೆದರು. ಗೋವೆಯು 1961ರಲ್ಲಿ ಮುಕ್ತವಾದರೂ ಭಾರತದ ಸಾರ್ವಭೌಮತ್ವವನ್ನು ಪೋರ್ಚುಗಲ್ ಒಪ್ಪಿಕೊಂಡದ್ದು ಆ ಕ್ರಾಂತಿಯ ಬಳಿಕವೇ. ಇಂಗ್ಲಿಷರ ಆಳ್ವಿಕೆಯನ್ನು ಪ್ರಶ್ನಿಸಲು ನಮ್ಮ ಹಿರಿಯರು ಇಂಗ್ಲಿಷನ್ನೇ ಬಳಸಿದರಲ್ಲವೇ? ದಾಖಲೆಯನ್ನು ಓದಬಲ್ಲವನು ಮಾತ್ರ ಅನ್ಯಾಯವನ್ನು ಪುರಾವೆಯೊಂದಿಗೆ ಹೇಳಬಲ್ಲ. ಓದಲಾರದವನಿಗೆ ಉಳಿಯುವುದು ಬರೀ ಕೋಪ.

ಆದ್ದರಿಂದ ಲಿಸ್ಬನ್ನಿಗೆ ಹೊರಟಿರುವ ನಮ್ಮ ಹುಡುಗಿಗೆ ನನ್ನ ಸಲಹೆ ಇಷ್ಟು. ಶಬ್ದಗಳನ್ನು ಪಟ್ಟಿಯಾಗಿ ಕಲಿಯಬೇಡಮ್ಮ. ವಸ್ತುಗಳೊಂದಿಗೆ, ಅವು ನಡೆದು ಬಂದ ದಾರಿಯೊಂದಿಗೆ ಕಲಿ. ಅಡುಗೆಮನೆಯಿಂದ ಆರಂಭಿಸು. ಅಲ್ಲಿ ನೆರೆಮನೆಯ ಅಜ್ಜಿಯೊಬ್ಬರ ಪರಿಚಯ ಮಾಡಿಕೊಂಡು ಅವರ ಹಬ್ಬ, ಅವರ ಅಡುಗೆ, ಅವರ ಬಾಲ್ಯ ಇವುಗಳ ಬಗ್ಗೆ ಕೇಳು. ಅವರು ಭಾರತದ ಮಾತೆತ್ತಿ ಹಳೆಯ ಹಡಗುಗಳ ಕೀರ್ತಿಯನ್ನು ಹೇಳಿದರೆ ಸಮಾಧಾನದಿಂದ ಕೇಳಿ, ಆಮೇಲೆ ಉಳ್ಳಾಲದ ರಾಣಿಯ ಕಥೆಯನ್ನು ಅವರದೇ ಭಾಷೆಯಲ್ಲಿ ಹೇಳು. ಅದನ್ನು ತಡವರಿಸದೆ ಹೇಳಿ ಮುಗಿಸಿದ ದಿನ ನಿನಗೆ ಪೋರ್ಚುಗೀಸ್ ಬಂದಿತೆಂದು ನಾನು ಒಪ್ಪುತ್ತೇನೆ.

ಇತಿಹಾಸದಲ್ಲಿ ಎಂ.ಎ. ಮಾಡುತ್ತಿರುವ, ಮಾಡಬೇಕೆಂದಿರುವ ನನ್ನ ವಿದ್ಯಾರ್ಥಿಗಳಿಗೂ ಅವರ ಮಕ್ಕಳಿಗೂ ಇನ್ನೊಂದು ಮಾತು. ಗೋವಾ ವಿಶ್ವವಿದ್ಯಾಲಯದಲ್ಲಿ ಪೋರ್ಚುಗೀಸ್ ಕಲಿಯುವ ಅವಕಾಶವಿದೆ. ನಮ್ಮ ಕರಾವಳಿಯ ಚರಿತ್ರೆಯನ್ನು ಆಯ್ದುಕೊಳ್ಳುವ ಸಂಶೋಧಕರಿಗೆ ನಮ್ಮ ವಿಶ್ವವಿದ್ಯಾಲಯಗಳೂ ಹಳಗನ್ನಡ, ಸಂಸ್ಕೃತಗಳ ಜೊತೆಗೆ ಈ ಭಾಷೆಯನ್ನು ಕಲಿಸುವಂತಾಗಬೇಕು. ನಿಮ್ಮಲ್ಲಿ ಯಾರಾದರೂ ಈ ದಾರಿಯಲ್ಲಿ ಹೆಜ್ಜೆಯಿಡಲು ಮನಸ್ಸು ಮಾಡಿದರೆ ದಯವಿಟ್ಟು ನನಗೆ ಬರೆಯಿರಿ. ನನ್ನಲ್ಲಿರುವ ಒಂದೆರಡು ಪುಸ್ತಕಗಳನ್ನು ಸಂತೋಷದಿಂದ ಕೊಡುತ್ತೇನೆ.